‘ಆ ಕಾಲವೇ ಹಾಗಿತ್ತು’ ಎಂಬ ಸುಳ್ಳು

ಹಳೆಯ ಹಾಲಿವುಡ್ ಸಿನಿಮಾಗಳ ಚರ್ಚೆ ಎಲ್ಲೇ ನಡೆಯಲಿ, ಒಂದು ಮಾತು ಬಂದೇ ಬರುತ್ತದೆ. ‘ಗಾನ್ ವಿತ್ ದ ವಿಂಡ್’ನಲ್ಲಿ ಗುಲಾಮರು ಯಜಮಾನರ ಮನೆಯಲ್ಲಿ ಸುಖವಾಗಿದ್ದಂತೆ ತೋರಿಸಿದ್ದಾರಲ್ಲ ಎಂದು ಯಾರಾದರೂ ಹುಡುಗಿ ಎದ್ದು ಕೇಳಿದರೆ ಸಾಕು, ಮುಂದಿನ ಸಾಲಿನ ರಸಿಕರೊಬ್ಬರು ದೊಡ್ಡ ಮನಸ್ಸು ಮಾಡಿ, ‘ಬಿಡಮ್ಮಾ, ಆ ಕಾಲವೇ ಹಾಗಿತ್ತು’ ಅನ್ನುತ್ತಾರೆ. ಅಲ್ಲಿಗೆ ಚರ್ಚೆ ಮುಗಿಯುತ್ತದೆ. ನನಗೆ ಈ ಮಾತಿನ ಮೇಲೆ ಸಿಟ್ಟಿದೆ. ಯಾಕೆಂದರೆ ಅದು ಸುಳ್ಳು.

ನಾನು ಈ ಸಿನಿಮಾಗಳ ವೈರಿಯಲ್ಲ. ಕ್ಯಾರಿ ಗ್ರಾಂಟ್‌ನ ಚುರುಕು, ‘ಶಾಂಘೈ ಎಕ್ಸ್‌ಪ್ರೆಸ್’ನ ನೆರಳು ಬೆಳಕು ಇವತ್ತಿಗೂ ನನ್ನನ್ನು ಹಿಡಿದು ಕೂರಿಸುತ್ತವೆ. ಅವುಗಳನ್ನು ಅಟ್ಟಕ್ಕೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಆದರೆ ‘ಕಾಲ’ ಅನ್ನುವಾಗ ನಾವು ಯಾರ ಕಾಲವನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದೇವೆ? ಸ್ಟುಡಿಯೋ ಮಾಲೀಕರದ್ದನ್ನೋ, ಅವರೆದುರು ನಿಂತು ‘ಇದು ಸರಿಯಲ್ಲ’ ಎಂದವರದ್ದನ್ನೋ?

‘ಗಾನ್ ವಿತ್ ದ ವಿಂಡ್’ ಬಂದದ್ದು 1939ರಲ್ಲಿ. ಅದಿನ್ನೂ ತಯಾರಾಗುತ್ತಿದ್ದಾಗಲೇ ಅಮೆರಿಕದ ಕಪ್ಪು ಜನರ ಪತ್ರಿಕೆಗಳು ಅದನ್ನು ಟೀಕಿಸಿ ಬರೆದವು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ವಾಲ್ಟರ್ ವೈಟ್, ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಜೊತೆ ಪತ್ರವ್ಯವಹಾರ ನಡೆಸಿದರು. ಕಾದಂಬರಿಯಲ್ಲಿದ್ದ ಜನಾಂಗನಿಂದೆಯ ಶಬ್ದವೊಂದು ಕೊನೆಗೆ ಚಿತ್ರದಿಂದ ಹೊರಬಿತ್ತು. ಕು ಕ್ಲಕ್ಸ್ ಕ್ಲಾನ್‌ನ ಹೆಸರೂ ಹೋಯಿತು. ಅಂದರೆ ಸೆಲ್ಜ್‌ನಿಕ್‌ಗೆ ಆಕ್ಷೇಪ ಏನೆಂದು ಚೆನ್ನಾಗಿ ಗೊತ್ತಿತ್ತು. ತೆಗೆದದ್ದನ್ನು ಗೊತ್ತಿದ್ದೇ ತೆಗೆದರು, ಉಳಿಸಿಕೊಂಡದ್ದನ್ನೂ ಗೊತ್ತಿದ್ದೇ ಉಳಿಸಿಕೊಂಡರು. ಆ ಚಿತ್ರದ ಮಾಮಿ ಪಾತ್ರಕ್ಕೆ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಗೆದ್ದರು, ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಕಲಾವಿದೆ ಅವರು. 1940ರ ಫೆಬ್ರವರಿ 29ರ ಸಮಾರಂಭದಲ್ಲಿ ಅವರನ್ನು ಸಹನಟರ ಜೊತೆ ಕೂರಿಸದೆ ಬೇರೆ ಮೇಜಿನಲ್ಲಿ ಕೂರಿಸಿದರು. ಆ ಸಂಜೆ ಅವರಿಗೆ ಹೇಗನ್ನಿಸಿತ್ತೋ, ‘ಕಾಲವೇ ಹಾಗಿತ್ತು’ ಅನ್ನುವವರು ಅದನ್ನು ಕೇಳುವುದೇ ಇಲ್ಲ.

ಇನ್ನು ಆ್ಯನಾ ಮೇ ವಾಂಗ್. ಲಾಸ್ ಏಂಜಲೀಸ್‌ನಲ್ಲೇ 1905ರಲ್ಲಿ ಹುಟ್ಟಿದ ಚೀನೀ ಮೂಲದ ನಟಿ. ಚೀನೀ ರೈತ ಕುಟುಂಬದ ಕತೆಯಾದ ‘ದ ಗುಡ್ ಅರ್ತ್’ ಅನ್ನು ಎಂಜಿಎಂ ಸಿನಿಮಾ ಮಾಡುವಾಗ ರೈತನ ಹೆಂಡತಿ ಓಲಾನ್‌ಳ ಪಾತ್ರ ತನಗೆ ಸಿಗಲಿ ಎಂದು ಆಕೆ ಬಯಸಿದ್ದರು. ಪಾತ್ರ ಸಿಕ್ಕಿದ್ದು ಯುರೋಪಿನಿಂದ ಬಂದ ಲೂಯಿಸ್ ರೈನರ್‌ಗೆ. ಬಿಳಿಯ ನಟಿಗೆ ಮೇಕಪ್ ಮಾಡಿ ಚೀನೀ ಹೆಂಗಸನ್ನಾಗಿಸಿದರು. ಅದಕ್ಕೆ ಆಸ್ಕರ್ ಕೂಡ ಬಂತು. ವಾಂಗ್ ಸುಮ್ಮನೆ ನುಂಗಿಕೊಂಡವರೇನಲ್ಲ. ಅದಕ್ಕೂ ಮೊದಲೇ, 1933ರಲ್ಲಿ, ಬ್ರಿಟಿಷ್ ಸಿನಿಮಾ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ತೆರೆಯ ಮೇಲೆ ಚೀನೀಯರು ಯಾವಾಗಲೂ ಖಳರೇ ಆಗಿರಬೇಕೆ ಎಂದು ನೇರವಾಗಿ ಕೇಳಿದ್ದರು. ಆಕೆಯೂ ಆ ಕಾಲದವರೇ ಅಲ್ಲವೆ?

ನಮ್ಮ ದೇಶದ ಮಾತಿಗೇ ಬರೋಣ. 1939ರ ‘ಗಂಗಾ ದಿನ್’ನಲ್ಲಿ ಬ್ರಿಟಿಷ್ ಸೈನಿಕರಿಗೆ ನೀರು ಹೊರುವ ಭಾರತೀಯ ಆಳು, ತನ್ನ ಜನರ ವಿರುದ್ಧವೇ ಕಹಳೆ ಊದಿ ಪಲ್ಟನ್ನನ್ನು ಉಳಿಸಿ ಸಾಯುತ್ತಾನೆ. ಆ ಪಾತ್ರ ಮಾಡಿದ್ದು ನ್ಯೂಯಾರ್ಕಿನ ಸ್ಯಾಮ್ ಜಾಫೆ, ಮೈಗೆ ಕಂದು ಬಣ್ಣ ಬಳಿದುಕೊಂಡು. ‘ಫಿಲ್ಮ್ ಇಂಡಿಯಾ’ದ ಸಂಪಾದಕ ಬಾಬುರಾವ್ ಪಟೇಲ್ ಅದರ ವಿರುದ್ಧ ಖಾರವಾಗಿ ಬರೆದರು. ಬಂಗಾಳ ಮತ್ತು ಬೊಂಬಾಯಿ ಪ್ರಾಂತ್ಯಗಳಲ್ಲಿ ಚಿತ್ರಕ್ಕೆ ನಿಷೇಧ ಬಿತ್ತು. ನಿಷೇಧ ಸರಿಯೋ ತಪ್ಪೋ, ಅದು ಬೇರೆ ಜಗಳ. ಆದರೆ ಎಂಬತ್ತು ವರ್ಷ ಕಳೆದ ಮೇಲೆ ನಮಗೆ ಹೊಸದಾಗಿ ಜ್ಞಾನೋದಯವಾಯಿತು ಎಂದುಕೊಳ್ಳುವುದು ಮಾತ್ರ ಹಾಸ್ಯಾಸ್ಪದ. ನಮ್ಮ ಅಜ್ಜಂದಿರು ಬಿಡುಗಡೆಯ ಹೊತ್ತಿಗೇ ಅದನ್ನು ಕಂಡಿದ್ದರು.

ಮೈಸೂರು ಸೀಮೆಯ ಮಾವುತನ ಮಗ ಸಾಬುವಿನ ವಿಷಯದಲ್ಲಿ ಈ ಮರೆವು ಹೆಮ್ಮೆಯ ವೇಷ ಹಾಕಿಕೊಂಡು ಬರುತ್ತದೆ. 1937ರ ‘ಎಲಿಫೆಂಟ್ ಬಾಯ್’ನಿಂದ ಲೋಕಪ್ರಸಿದ್ಧನಾದ ಹುಡುಗ ನಮ್ಮವನು ಎಂದು ಬೀಗುತ್ತೇವೆ. ಲಂಡನ್ನಿನ ಅದೇ ಕಂಪನಿ ಅವನನ್ನು ಹಾಕಿಕೊಂಡು ತೆಗೆದ ‘ದ ಡ್ರಮ್’ ವಿರುದ್ಧ 1938ರಲ್ಲಿ ಬೊಂಬಾಯಿಯ ಜನ ಬೀದಿಗಿಳಿದರು ಎಂಬುದು ಆ ಹೆಮ್ಮೆಯಲ್ಲಿ ಸೇರುವುದಿಲ್ಲ. ಮುಂದೆ ಹಾಲಿವುಡ್‌ಗೆ ಹೋದ ಮೇಲೂ ‘ಅರೇಬಿಯನ್ ನೈಟ್ಸ್’ನಂಥ ಚಿತ್ರಗಳಲ್ಲಿ ಪ್ರೇಮಿಯ ಪಾತ್ರ ಬಿಳಿಯ ಜಾನ್ ಹಾಲ್‌ಗೆ, ಜೊತೆಗಾರನ ಪಾತ್ರ ಸಾಬುವಿಗೆ. ಅವನ ನಗುವನ್ನು ಪ್ರೀತಿಸುವವರು ಅವನಿಗೆ ಸಿಗದೆ ಹೋದ ಪಾತ್ರಗಳ ಬಗ್ಗೆಯೂ ಒಂದಿಷ್ಟು ನೊಂದುಕೊಳ್ಳಬೇಕಲ್ಲವೆ? 1963ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿಗೇ ಅವನು ತೀರಿಕೊಂಡ.

ಇಲ್ಲೊಂದು ಬುದ್ಧಿವಂತ ತಕರಾರು ಬರುತ್ತದೆ: ಸಿನಿಮಾ ವ್ಯಾಪಾರ, ಜನ ಕೇಳಿದ್ದನ್ನು ಸ್ಟುಡಿಯೋಗಳು ಕೊಟ್ಟವು. ಜನ ಎಲ್ಲಿ ಕೇಳಿದರು ಸ್ವಾಮಿ? ಪ್ಯಾರಮೌಂಟ್, ಎಂಜಿಎಂನ ಒಡೆತನದ ಲೋವ್ಸ್, ವಾರ್ನರ್, ಫಾಕ್ಸ್, ಆರ್‌ಕೆಒ ಈ ಐದು ಕಂಪನಿಗಳು ಸಿನಿಮಾ ತಯಾರಿಸುತ್ತಿದ್ದವು, ತಾವೇ ಹಂಚುತ್ತಿದ್ದವು, ತಮ್ಮದೇ ಥಿಯೇಟರುಗಳಲ್ಲಿ ತೋರಿಸುತ್ತಿದ್ದವು. ಬೇರೆ ಥಿಯೇಟರಿನವರು ಒಂದು ಒಳ್ಳೆಯ ಚಿತ್ರ ಬೇಕೆಂದರೆ ಜೊತೆಗೆ ಹತ್ತಾರು ಬೇಡದ ಚಿತ್ರಗಳನ್ನೂ ಕೊಳ್ಳಬೇಕಿತ್ತು. ಇದು ಕಾನೂನುಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ತೀರ್ಪು ಕೊಟ್ಟಿತು. ಅಂಗಡಿ ಒಂದೇ ಇರುವ ಊರಿನಲ್ಲಿ ಗಿರಾಕಿಯ ರುಚಿಯ ಬಗ್ಗೆ ಭಾಷಣ ಮಾಡಬಾರದು.

‘ಇಂದಿನ ಅಳತೆಗೋಲಿನಿಂದ ಅಂದಿನದನ್ನು ಅಳೆಯಬಾರದು’ ಅನ್ನುವವರಿಗೆ ನನ್ನ ಉತ್ತರ ಇಷ್ಟೆ: ಒಪ್ಪಿದೆ. ಅಂದಿನ ಅಳತೆಗೋಲಿನಿಂದಲೇ ಅಳೆಯಿರಿ. ವಾಲ್ಟರ್ ವೈಟ್‌ರ ಅಳತೆಗೋಲಿದೆ, ವಾಂಗ್‌ರದ್ದಿದೆ, ಬಾಬುರಾವ್ ಪಟೇಲರದ್ದಿದೆ. ನಮ್ಮ ಉದಾರತೆಯಿಂದ ಆ ಸಿನಿಮಾಗಳಿಗೆ ಲಾಭವೇನೂ ಇಲ್ಲ. ಆದರೆ ಕೆಲಸ ಹೋದೀತೆಂಬ ಭಯವಿದ್ದೂ ಬಾಯಿಬಿಟ್ಟವರನ್ನು ಅದು ಚರಿತ್ರೆಯಿಂದಲೇ ಅಳಿಸಿಹಾಕುತ್ತದೆ.

2020ರ ಜೂನ್‌ನಲ್ಲಿ ಎಚ್‌ಬಿಒ ಮ್ಯಾಕ್ಸ್ ‘ಗಾನ್ ವಿತ್ ದ ವಿಂಡ್’ ಅನ್ನು ತೆಗೆದುಹಾಕಿ, ಕೆಲವೇ ದಿನಗಳಲ್ಲಿ ಸಿನಿಮಾ ವಿದ್ವಾಂಸೆ ಜಾಕ್ವೆಲಿನ್ ಸ್ಟೀವರ್ಟ್‌ರ ಪ್ರಸ್ತಾವನೆಯೊಂದಿಗೆ ಮತ್ತೆ ಹಾಕಿತು. ತೆಗೆದದ್ದು ಅವಸರದ ಕೆಲಸ, ಪ್ರಸ್ತಾವನೆ ಸೇರಿಸಿ ಹಾಕಿದ್ದು ಸರಿಯಾದ ಕೆಲಸ. ನಿಮ್ಮ ಕಾಲೇಜಿನ ಚಿತ್ರಸಮಾಜಕ್ಕೆ ಅಷ್ಟೂ ಖರ್ಚಿಲ್ಲ. ಚಿತ್ರ ಹಾಕುವ ಮೊದಲು ಹತ್ತು ನಿಮಿಷ ತೆಗೆದುಕೊಂಡು, ಇದು ಬಂದಾಗ ಇದನ್ನು ಬೇಡ ಎಂದವರು ಯಾರು, ಅವರು ಏನು ಹೇಳಿದ್ದರು ಎಂದು ಓದಿ ಹೇಳಿ. ಆಮೇಲೆ ದೀಪ ಆರಿಸಿ. ಪ್ರಶ್ನೆ ಕೇಳಲು ಎದ್ದ ಆ ಹುಡುಗಿಗೆ ತಾನು ಒಂಟಿಯಲ್ಲ ಎಂದಾದರೂ ಗೊತ್ತಾಗಲಿ.