ಬೆಳಗಾವಿಯ ಪಡುವಣ ಗೆರೆ

ಬೆಳಗಾವಿಯಿಂದ ವೆಂಗುರ್ಲೆಯ ಹಾದಿ ಹಿಡಿದು ಪಶ್ಚಿಮಕ್ಕೆ ಹೊರಟವನು ಹಿಂಡಲಗಾ, ಸುಳಗಾ ಗ್ರಾಮಗಳನ್ನು ಹಾಯ್ದು, ಇಪ್ಪತ್ತು ಕಿಲೋಮೀಟರು ತುಂಬುವ ಮೊದಲೇ ಬಾಚಿಯನ್ನು ದಾಟಿ ಶಿನೋಳಿಯನ್ನು ಸೇರುತ್ತಾನೆ. ಬಾಚಿ ಕರ್ನಾಟಕದ ಹಳ್ಳಿ. ಶಿನೋಳಿ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಚಂದಗಡ ತಾಲೂಕಿಗೆ ಸೇರಿದ್ದು. ಎರಡು ರಾಜ್ಯಗಳನ್ನು ಬೇರ್ಪಡಿಸಲು ಅಲ್ಲಿ ಹೇಳಿಕೊಳ್ಳುವಂಥ ಹೊಳೆಯಿಲ್ಲ, ಬೆಟ್ಟವಿಲ್ಲ. ಮಣ್ಣಿನ ಬಣ್ಣವಾಗಲಿ, ಜನರ ಉಡಿಗೆತೊಡಿಗೆಯಾಗಲಿ, ಆಡುವ ಮಾತಾಗಲಿ ಬದಲಾಗುವುದಿಲ್ಲ. ಬದಲಾಗುವುದು ಫಲಕಗಳ ಮೇಲಿನ ಬರಹ. ಅದರ ಹಿಂದೆ ನಿಂತ ಸರಕಾರ.

1956ರ ಅಕ್ಟೋಬರ್ 31ರ ವರೆಗೆ ಈ ಗೆರೆ ಇರಲೇ ಇಲ್ಲ. ಚಂದಗಡವೂ ಖಾನಾಪುರವೂ ಅಂದಿನ ಮುಂಬಯಿ ರಾಜ್ಯದ ಬೆಳಗಾವಿ ಜಿಲ್ಲೆಯ ಎರಡು ನೆರೆಯ ತಾಲೂಕುಗಳಾಗಿದ್ದವು. ರಾಜ್ಯ ಪುನರ್ವಿಂಗಡಣಾ ಶಾಸನವು ಚಂದಗಡ ತಾಲೂಕೊಂದನ್ನುಳಿದು ಮಿಕ್ಕ ಬೆಳಗಾವಿ ಜಿಲ್ಲೆಯನ್ನು ಹೊಸ ಮೈಸೂರು ರಾಜ್ಯಕ್ಕೆ ಸೇರಿಸಿತು. ಮರುದಿನದಿಂದ ಒಂದೇ ಜಿಲ್ಲೆಯ ಎರಡು ತಾಲೂಕುಗಳು ಎರಡು ರಾಜ್ಯಗಳ ಅಂಚುಗಳಾದವು. ಗಡಿಯ ವಾದವಿವಾದಗಳಲ್ಲಿ ಬೆಳಗಾವಿ ಯಾರದೆಂಬ ಪ್ರಶ್ನೆಯನ್ನು ನಾವು ಮೇಲಿಂದ ಮೇಲೆ ಕೇಳಿದ್ದೇವೆ. ಬೆಳಗಾವಿಯನ್ನು ನೆಚ್ಚಿ ಬದುಕುವ ಈ ಪಡುವಣ ಸೀಮೆಯ ಜನರ ನಿತ್ಯದ ಪಾಡೇನೆಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ನಗರವೊಂದರ ನಿಜವಾದ ಎಲ್ಲೆಯನ್ನು ಭೂಪಟ ಹೇಳುವುದಿಲ್ಲ. ಅದರ ಪೇಟೆ, ಆಸ್ಪತ್ರೆ, ಕಾಲೇಜುಗಳು ಹೇಳುತ್ತವೆ. ಚಂದಗಡದವನಿಗೆ ತನ್ನ ಜಿಲ್ಲೆಯ ಕೇಂದ್ರವಾದ ಕೊಲ್ಹಾಪುರಕ್ಕಿಂತ ಬೆಳಗಾವಿ ಬಹಳ ಹತ್ತಿರ. ಮದುವೆಯ ಜವಳಿಗೆ, ಕಾಯಿಲೆಯ ಚಿಕಿತ್ಸೆಗೆ, ಮಗನ ವಿದ್ಯಾಭ್ಯಾಸಕ್ಕೆ ಅವನು ಪೂರ್ವಕ್ಕೆ ಬರುತ್ತಾನೆ. ಅತ್ತ ಶಿನೋಳಿಯಲ್ಲಿ ಮಹಾರಾಷ್ಟ್ರ ಸರಕಾರವು ಕೈಗಾರಿಕಾ ವಸಾಹತನ್ನು ಸ್ಥಾಪಿಸಿದುದರಿಂದ ಬೆಳಗಾವಿಯ ಕಡೆಯ ಕಾರ್ಮಿಕ ಪಶ್ಚಿಮಕ್ಕೆ ಹೋಗುತ್ತಾನೆ. ದಕ್ಷಿಣದಲ್ಲಿ ಖಾನಾಪುರದಿಂದಲೂ ಲೋಂಡಾದಿಂದಲೂ ರೈಲು ಹತ್ತಿ ಬರುವವರು ಬೇರೆ. ಖಾನಾಪುರದ ಹೆಂಚು, ಮಡಿಕೆ, ಅಕ್ಕಿಗಳಿಗೂ ಚಂದಗಡದ ಗೋಡಂಬಿಗೂ ಇದೇ ಪೇಟೆ.

ನೀರೂ ಈ ಗೆರೆಯನ್ನು ಅರಿಯದು. ಬೆಳಗಾವಿಯ ಮನೆಗಳಿಗೆ ಕುಡಿಯುವ ನೀರು ಬರುವುದು ರಾಕಸಕೊಪ್ಪ ಜಲಾಶಯದಿಂದ ಮತ್ತು ಘಟಪ್ರಭೆಯ ಹಿಡಕಲ್ ಜಲಾಶಯದಿಂದ. ಘಟಪ್ರಭೆ ಮಹಾರಾಷ್ಟ್ರದ ಘಟ್ಟದಲ್ಲಿ ಹುಟ್ಟಿ ಚಂದಗಡ ತಾಲೂಕನ್ನು ಹಾಯ್ದು ನಮ್ಮಲ್ಲಿಗೆ ಬರುವ ನದಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಪೂರ್ವದ ಬಯಲಿಗೆ ಹರಿಯುತ್ತಾಳೆ. ಅದೇ ತಾಲೂಕಿನ ಕಾಡಿನಲ್ಲಿ ಹುಟ್ಟಿದ ಮಹಾದಾಯಿ ಗೋವೆಯ ಕಡೆಗೆ ಇಳಿಯುತ್ತಾಳೆ. ಮರಾಠಿ ಮಾತಾಡುವ ಹಳ್ಳಿಗಳ ಮಳೆಯು ಕನ್ನಡ ನಾಡಿನ ಹೊಲವನ್ನು ತೋಯಿಸುತ್ತದೆ.

ಪೇಟೆಯೂ ನೀರೂ ಗುರುತಿಸದ ಗೆರೆಯನ್ನು ಕಚೇರಿ ಮಾತ್ರ ಬಿಡದೆ ಗುರುತಿಸುತ್ತದೆ. 2023ರ ಮಾರ್ಚಿನಲ್ಲಿ ಮಹಾರಾಷ್ಟ್ರವು ತನ್ನ ಎಸ್.ಟಿ. ಬಸ್ಸುಗಳಲ್ಲಿ ಮಹಿಳೆಯರಿಗೆ ಅರ್ಧ ದರವನ್ನು ಗೊತ್ತುಮಾಡಿತು. ಅದೇ ವರ್ಷದ ಜೂನಿನಲ್ಲಿ ಕರ್ನಾಟಕವು ತನ್ನ ರಾಜ್ಯದ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕೊಟ್ಟಿತು. ಎರಡೂ ಒಳ್ಳೆಯ ಕಾರ್ಯಗಳೇ. ಆದರೆ ಬಾಚಿಯ ತಂಗಿಗೂ ಶಿನೋಳಿಗೆ ಕೊಟ್ಟ ಅಕ್ಕನಿಗೂ ಒಂದೇ ಪೇಟೆಗೆ ಹೋಗಲು ಎರಡು ಬಗೆಯ ನಿಯಮಗಳು. ಪಡಿತರದ ಚೀಟಿ, ಆರೋಗ್ಯದ ಕಾರ್ಡು, ಶಾಲೆಯ ಪಠ್ಯಕ್ರಮ, ಹೊಲದ ಉತಾರ, ಎಲ್ಲದರ ಕಥೆಯೂ ಇದೇ. ಇದನ್ನು ಸರಿಪಡಿಸುವ ದಾರಿ ಪರಸ್ಪರ ಒಪ್ಪಂದ. ನಡೆದುದು ಪೈಪೋಟಿ. 2023ರಲ್ಲಿ ಮಹಾರಾಷ್ಟ್ರವು ತಾನು ಹಕ್ಕು ಸಾಧಿಸುತ್ತಿರುವ 865 ಊರುಗಳಿಗೆ ತನ್ನ ಆರೋಗ್ಯ ವಿಮಾ ಯೋಜನೆಯನ್ನು ವಿಸ್ತರಿಸಿತು. ತನ್ನ ನೆಲದಲ್ಲಿ ಪರರಾಜ್ಯದ ಕೈ ಚಾಚಿತೆಂದು ಕರ್ನಾಟಕ ಆಕ್ಷೇಪಿಸಿತು. ಆಕ್ಷೇಪವು ನ್ಯಾಯವೇ, ಆದರೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಡೆದ ಈ ಜಗಳದಲ್ಲಿ ರೋಗಿಯ ಮಾತನ್ನು ಯಾರೂ ಕೇಳಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಇಂಥಲ್ಲಿ ಹುಟ್ಟಿರಬೇಕು.

ಜಗಳ ಬೀದಿಗಿಳಿದಾಗ ಮೊದಲು ನಿಲ್ಲುವುದು ಬಸ್ಸು. 2022ರ ಡಿಸೆಂಬರಿನಲ್ಲಿ ಎರಡೂ ಕಡೆ ವಾಹನಗಳ ಮೇಲೆ ಕಲ್ಲು ಬಿದ್ದವು, ಮಸಿ ಬಿತ್ತು, ಬಸ್ಸುಗಳು ನಿಂತವು. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಹತ್ತಿರ ಭಾಷೆಯ ಕಾರಣವಾಗಿ ಬಸ್ ನಿರ್ವಾಹಕನೊಬ್ಬನ ಮೇಲೆ ಹಲ್ಲೆಯಾದಾಗ ಪುನಃ ಅದೇ ನಡೆಯಿತು. ಹೇಳಿಕೆ ಕೊಡುವವರು ತಮ್ಮ ಕಾರುಗಳಲ್ಲಿ ಊರು ಸೇರಿದರು. ಸಿಕ್ಕಿಬಿದ್ದವರು ಆಸ್ಪತ್ರೆಯಿಂದ ಹಿಂದಿರುಗುವವರು, ಪರೀಕ್ಷೆಗೆ ಹೊರಟವರು, ದಿನಗೂಲಿಯವರು.

ಹಾಗಾದರೆ ಮೂಲ ವ್ಯಾಜ್ಯದ ಗತಿಯೇನು? 1966ರ ಅಕ್ಟೋಬರಿನಲ್ಲಿ, ಮಹಾರಾಷ್ಟ್ರದ ಒತ್ತಾಯದ ಮೇಲೆ, ಕೇಂದ್ರ ಸರಕಾರವು ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಾಧೀಶ ಮೆಹರಚಂದ ಮಹಾಜನರ ಆಯೋಗವನ್ನು ನೇಮಿಸಿತು. 1967ರ ಆಗಸ್ಟಿನಲ್ಲಿ ಬಂದ ವರದಿಯು ಬೆಳಗಾವಿ ನಗರವು ಮೈಸೂರಿನಲ್ಲಿಯೇ ಉಳಿಯಬೇಕೆಂದಿತು. ನಗರದ ಮೂರು ಕಡೆ ಕನ್ನಡ ಪ್ರದೇಶವಿರುವುದನ್ನೂ ಮಾಮಲೇದಾರ ಕಚೇರಿಯ ಮೂಲ ದಾಖಲೆಗಳು ಕನ್ನಡದಲ್ಲಿರುವುದನ್ನೂ ಅದು ಎತ್ತಿ ಹೇಳಿತು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಕಡೆಯ 247 ಹಳ್ಳಿಗಳು ನಮಗೆ ಬರಬೇಕೆಂದಿತು. ನಾವು ಇಷ್ಟನ್ನು ನೆನಪಿಟ್ಟಿದ್ದೇವೆ. ಅದೇ ವರದಿಯು ಖಾನಾಪುರ, ನಂದಗಡ, ನಿಪ್ಪಾಣಿಗಳನ್ನೊಳಗೊಂಡು 260ಕ್ಕೂ ಮಿಕ್ಕ ಊರುಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದೂ ಹೇಳಿತ್ತು. ಇದನ್ನು ವೇದಿಕೆಗಳ ಮೇಲೆ ಯಾರೂ ಜ್ಞಾಪಿಸುವುದಿಲ್ಲ.

ಇಲ್ಲಿರುವ ವೈಚಿತ್ರ್ಯವನ್ನು ವಾಚಕರು ಗಮನಿಸಬೇಕು. ಮಹಾಜನ ವರದಿಯೇ ಅಂತಿಮವೆನ್ನುವ ಕರ್ನಾಟಕವು, ಅದು ಜಾರಿಯಾದರೆ, ಸಂಗೊಳ್ಳಿ ರಾಯಣ್ಣನು 1831ರಲ್ಲಿ ಗಲ್ಲಿಗೇರಿದ ನಂದಗಡವನ್ನು ಬಿಟ್ಟುಕೊಡಬೇಕಾಗುತ್ತದೆ. ಕದಂಬರ ಇತಿಹಾಸದ ಹಲಸಿ ಇರುವ ಸೀಮೆ ಹರಿದು ಹಂಚಿಹೋಗುತ್ತದೆ. ವರದಿಯನ್ನು ತಿರಸ್ಕರಿಸಿದ ಮಹಾರಾಷ್ಟ್ರವು ತನಗೆ ದೊರೆಯಬಹುದಾಗಿದ್ದ ಖಾನಾಪುರವನ್ನು ದೂರಮಾಡಿಕೊಂಡು ಅಕ್ಕಲಕೋಟೆಯನ್ನು ಉಳಿಸಿಕೊಂಡಿದೆ. ಒಪ್ಪಿದವರೂ ಒಪ್ಪದವರೂ ತಂತಮ್ಮ ಕೈಯಲ್ಲಿದ್ದುದನ್ನು ಹಿಡಿದುಕೊಂಡೇ ಇದ್ದಾರೆ. 2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ ಇನ್ನೂ ಇತ್ಯರ್ಥವಾಗಿಲ್ಲ. ರಾಜ್ಯದ ಎಲ್ಲೆಗಳನ್ನು ಬದಲಿಸುವ ಅಧಿಕಾರ ಸಂವಿಧಾನದ 3ನೆಯ ಅನುಚ್ಛೇದದ ಪ್ರಕಾರ ಸಂಸತ್ತಿನದೆಂದು ಕರ್ನಾಟಕದ ವಾದ. ವಾದದಲ್ಲಿ ಬಲವಿದೆ. ಆದರೆ ದಾವೆ ಹೂಡಿದ ವರ್ಷ ಹುಟ್ಟಿದ ಕೂಸು ಇಂದು ಮತದಾನದ ವಯಸ್ಸನ್ನು ದಾಟಿದೆ.

ಈ ನಡುವೆ ಜನರು ತಮ್ಮ ನಿಲುವನ್ನು ಮೆಲ್ಲನೆ ತಿಳಿಸಿದ್ದಾರೆ. ದಶಕಗಳ ಕಾಲ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕೋಟೆಗಳಲ್ಲೊಂದಾಗಿದ್ದ ಖಾನಾಪುರವು 2013ರಲ್ಲಿಯೂ ಸಮಿತಿಯ ಅಭ್ಯರ್ಥಿಯನ್ನು ಗೆಲ್ಲಿಸಿತ್ತು. 2018 ಮತ್ತು 2023ರ ವಿಧಾನಸಭಾ ಚುನಾವಣೆಗಳಲ್ಲಿ ಸಮಿತಿಗೆ ಎಲ್ಲಿಯೂ ಒಂದು ಸ್ಥಾನ ದೊರೆಯಲಿಲ್ಲ. ಇದನ್ನು ಕನ್ನಡದ ವಿಜಯವೆಂದು ಬೀಗುವವರಿದ್ದಾರೆ. ಅದು ಅವಸರದ ತೀರ್ಮಾನ. ಖಾನಾಪುರದ ಅರ್ಧಕ್ಕೂ ಹೆಚ್ಚು ಜನರ ಮನೆಮಾತು ಇಂದಿಗೂ ಮರಾಠಿಯೇ. ಅವರು ಬಿಟ್ಟುದು ತಮ್ಮ ಭಾಷೆಯನ್ನಲ್ಲ. ಭಾಷೆಯ ಹೆಸರಿನಲ್ಲಿ ಮುಂದೂಡಲ್ಪಟ್ಟ ರಸ್ತೆ, ಸೇತುವೆ, ಆಸ್ಪತ್ರೆಗಳಿಗಾಗಿ ಕಾಯುವ ತಾಳ್ಮೆಯನ್ನು. ಮಳೆಗಾಲದಲ್ಲಿ ಕಾಡಂಚಿನ ಹಳ್ಳಿಯಿಂದ ರೋಗಿಯನ್ನು ಹೊತ್ತು ತರುವವನು ಮೊದಲು ಕೇಳುವುದು ರಸ್ತೆಯನ್ನೇ.

2012ರ ಅಕ್ಟೋಬರ್ 11ರಂದು ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧದ ಉದ್ಘಾಟನೆಯಾಯಿತು. ಬೆಳಗಾವಿ ನಮ್ಮದೆಂದು ಸಾರಲು ಆ ಭವ್ಯ ಕಟ್ಟಡ ಸಾಕು. ಆದರೆ ಸಾರುವುದು ಬೇರೆ, ನಮ್ಮದಾಗಿಸಿಕೊಳ್ಳುವುದು ಬೇರೆ. ನಮ್ಮದಾಗಿಸಿಕೊಳ್ಳುವ ಮಾರ್ಗವನ್ನು 1956ರಲ್ಲಿಯೇ ಹಾಕಿಕೊಡಲಾಗಿದೆ. ಆ ವರ್ಷದ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಭಾಷಾ ಅಲ್ಪಸಂಖ್ಯಾತರು ನೂರಕ್ಕೆ 15ರಿಂದ 20ರಷ್ಟಿರುವಲ್ಲಿ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸುವುದು ಒಳಿತೆಂದು ಕೇಂದ್ರವು ಅದೇ ವರ್ಷ ರಾಜ್ಯಗಳಿಗೆ ಸೂಚಿಸಿತ್ತು. ಬೆಳಗಾವಿ, ಖಾನಾಪುರಗಳಲ್ಲಿ ಮರಾಠಿ ಶಾಲೆಗಳನ್ನು ನಮ್ಮ ಸರಕಾರ ನಡೆಸಿಕೊಂಡು ಬಂದಿದೆ. ಜತ್ತ, ಅಕ್ಕಲಕೋಟೆಗಳಲ್ಲಿ ಕನ್ನಡ ಶಾಲೆಗಳು ಮಹಾರಾಷ್ಟ್ರದಲ್ಲಿ ನಡೆದಿವೆ. ಈ ಸೌಜನ್ಯವು ಕಚೇರಿಯ ಕಾಗದಕ್ಕೂ ವಿಸ್ತರಿಸಬೇಕು.

ಕನ್ನಡವು ಆಡಳಿತ ಭಾಷೆಯಾಗಿ ನಿಂತಿರಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಅದರ ಪಕ್ಕದಲ್ಲಿ ಖಾನಾಪುರದ ರೈತನಿಗೆ ತನ್ನ ಹೊಲದ ಕಾಗದ ತಿಳಿಯುವ ಹಾಗೆ ಮರಾಠಿಯ ಪ್ರತಿಯೊಂದಿದ್ದರೆ ಕನ್ನಡಕ್ಕೆ ಬಂದ ಕುಂದೇನು? ಅಂಥ ರೈತನ ಮಗನೇ ನಾಳೆ ಭಯದಿಂದಲ್ಲ, ವಿಶ್ವಾಸದಿಂದ ಕನ್ನಡ ಕಲಿಯುತ್ತಾನೆ. ಅಕ್ಕಲಕೋಟೆಯ ಕನ್ನಡದ ಮಗುವಿಗೆ ಕನ್ನಡ ಬಲ್ಲ ಶಿಕ್ಷಕನನ್ನೇ ಕೊಡಿರೆಂದು ಮುಂಬಯಿಯನ್ನು ಕೇಳಲು ನಮಗೆ ಆಗ ತುಂಬು ಬಾಯಿ ಬರುತ್ತದೆ. ನಮ್ಮ ಹಕ್ಕಿನ ಅರ್ಧ ಬಲ ದಾಖಲೆಯಲ್ಲಿದೆ. ಇನ್ನರ್ಧ ನಮ್ಮ ನಡತೆಯಲ್ಲಿದೆ.

ಲೋಕದಲ್ಲಿ ಇದಕ್ಕಿಂತ ಕಠಿಣವಾದ ಗೆರೆಗಳೂ ಬದುಕಿಗೆ ದಾರಿ ಬಿಟ್ಟಿವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವು ಫ್ರಾನ್ಸ್ ಮತ್ತು ಜರ್ಮನಿಗಳ ಗಡಿಗೆ ಅಂಟಿಕೊಂಡಿದೆ. ಅದರ ವಿಮಾನ ನಿಲ್ದಾಣವು 1949ರ ಒಪ್ಪಂದದಂತೆ ಫ್ರಾನ್ಸಿನ ನೆಲದಲ್ಲಿದ್ದು, ಎರಡು ದೇಶಗಳೂ ಕೂಡಿ ಅದನ್ನು ನಡೆಸುತ್ತವೆ. ಅದರ ಟ್ರಾಮು ಜರ್ಮನಿಗೂ ಫ್ರಾನ್ಸಿಗೂ ಓಡುತ್ತಿದೆ. ಒಂದೇ ಸಂವಿಧಾನದ ಕೆಳಗಿನ ಎರಡು ರಾಜ್ಯಗಳಿಗೆ ಇದು ಅಸಾಧ್ಯವೇ?

2022ರ ಡಿಸೆಂಬರ್ 14ರಂದು ಕೇಂದ್ರ ಗೃಹಮಂತ್ರಿಗಳು ಇಬ್ಬರು ಮುಖ್ಯಮಂತ್ರಿಗಳನ್ನು ಕರೆಸಿದಾಗ, ತೀರ್ಪು ಬರುವವರೆಗೆ ಯಾರೂ ಹಕ್ಕು ಸಾಧಿಸಕೂಡದೆಂದೂ, ಸಣ್ಣಪುಟ್ಟ ತೊಡಕುಗಳನ್ನು ಎರಡೂ ಕಡೆಯ ಮೂವರು ಮೂವರು ಮಂತ್ರಿಗಳು ಕೂಡಿ ಬಿಡಿಸಬೇಕೆಂದೂ ಒಪ್ಪಿಗೆಯಾಗಿತ್ತು. ಮಾಸ ತುಂಬುವ ಮೊದಲೇ ಎರಡೂ ವಿಧಾನ ಮಂಡಲಗಳು ಪರಸ್ಪರ ವಿರುದ್ಧವಾದ ನಿರ್ಣಯಗಳನ್ನು ಸ್ವೀಕರಿಸಿದವು. ಆದರೂ ಆ ಒಪ್ಪಿಗೆಯ ಎರಡನೆಯ ಭಾಗವನ್ನು ಕೈಬಿಡಬಾರದು. ಏನೇ ಗಲಭೆಯಾದರೂ ಬೆಳಗಾವಿ ಚಂದಗಡಗಳ ನಡುವಿನ ಬಸ್ಸು ನಿಲ್ಲದಂತೆ ಎರಡೂ ಪೊಲೀಸರ ಜಂಟಿ ಹೊಣೆ. ಗಡಿಯ ಈಚೆಯ ಆಸ್ಪತ್ರೆಯಲ್ಲಿ ಆಚೆಯ ಕಾರ್ಡಿಗೆ ಮಾನ್ಯತೆ. ಶಾಲೆಗಳಿಗೆ ಭಾಷೆ ಬಲ್ಲ ಶಿಕ್ಷಕರ ವಿನಿಮಯ: ಈ ಮೂರನ್ನು ಮಾಡಲು ನ್ಯಾಯಾಲಯದ ತೀರ್ಪು ಬೇಕಿಲ್ಲ, ಸಂಸತ್ತಿನ ಶಾಸನ ಬೇಕಿಲ್ಲ. ಮಂತ್ರಿಗಳು ಮನಸ್ಸು ಮಾಡಿದರೆ, ಬೆಳಗಾವಿ ಮತ್ತು ಕೊಲ್ಹಾಪುರದ ಇಬ್ಬರು ಜಿಲ್ಲಾಧಿಕಾರಿಗಳು ಒಂದು ಮೇಜಿನ ಮುಂದೆ ಕುಳಿತು ಆರಂಭಿಸಬಹುದು. ಗೆರೆ ಎಲ್ಲಿರಬೇಕೆಂಬುದನ್ನು ತಿಳಿದವರು ನಿಧಾನವಾಗಿ ನಿರ್ಣಯಿಸಲಿ. ಅಲ್ಲಿಯವರೆಗೆ ಶಿನೋಳಿಯ ತಿರುವಿನಲ್ಲಿ ನಿಂತವರಿಗೆ ಸಂಜೆಯ ಬಸ್ಸು ಬರಲಿ.