ಮಡಿಸಿದ ಕಾಗದದ ಹಾರೈಕೆ

ಹಬ್ಬಕ್ಕೆ ಚಿತ್ರಪತ್ರಗಳನ್ನು ಕಳುಹುವ ಪದ್ಧತಿ ಸ್ನೇಹದ ಹೆಚ್ಚಳದಿಂದ ಹುಟ್ಟಿದುದಲ್ಲ, ಬಿಡುವಿನ ಅಭಾವದಿಂದ ಹುಟ್ಟಿದುದು ಎಂದರೆ ವಾಚಕರಿಗೆ ಅಚ್ಚರಿಯಾದೀತು. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಮೊದಲಾಯಿತು. ಅಂಚೆ ಅಗ್ಗವಾದೊಡನೆ ಬರುವ ಕಾಗದಗಳು ಹೆಚ್ಚಿದವು. ಉತ್ತರ ಬರೆಯುವ ಹೊಣೆಯೂ ಹೆಚ್ಚಿತು. ಆ ಅಂಚೆಯ ಏರ್ಪಾಟಿಗಾಗಿ ದುಡಿದಿದ್ದ ಹೆನ್ರಿ ಕೋಲ್ ಎಂಬ ಅಧಿಕಾರಿಗೇ ಮಿತ್ರರೆಲ್ಲರಿಗೂ ಬರೆಯಲು ಹೊತ್ತು ಸಾಲದಾಯಿತು. ಆತನು 1843ರಲ್ಲಿ ಜಾನ್ ಕ್ಯಾಲ್ಕಾಟ್ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಯಿಸಿ, ಸುಮಾರು 1,000 ಪ್ರತಿಗಳನ್ನು ಅಚ್ಚು ಮಾಡಿಸಿದನು. ಹೆಸರು ತುಂಬಿ ಕಳುಹಿದರೆ ಕರ್ತವ್ಯ ಮುಗಿಯಿತು. ಮೊದಲ ಕ್ರಿಸ್ಮಸ್ ಶುಭಾಶಯ ಪತ್ರವೆಂದು ಪ್ರಸಿದ್ಧವಾಗಿರುವುದು ಇದೇ.

ಇಂದು ಕೈಯಲ್ಲಿರುವ ಫೋನು ಆ ಸೌಕರ್ಯವನ್ನು ಕೊನೆಗೆ ಮುಟ್ಟಿಸಿದೆ. ಒಂದೇ ಹಾರೈಕೆಯನ್ನು ಒಂದೇ ಕ್ಷಣದಲ್ಲಿ ನೂರು ಮಂದಿಗೆ ಕಳುಹಬಹುದು. ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದ ಒಂದು ಕೈಕಸಬು ಹಾಲೆಂಡಿನಲ್ಲಿ ಬೆಳೆದು ಬಂದಿದೆ. ಅದರ ಹೆಸರು ಐರಿಸ್ ಮಡಿಕೆ. ಕ್ಯಾಮೆರಾದಲ್ಲಿ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ತೆಳು ಎಲೆಗಳ ಏರ್ಪಾಟಿಗೆ ಐರಿಸ್ ಎನ್ನುತ್ತಾರೆ. ಮಡಿಸಿದ ಕಾಗದದ ಪಟ್ಟಿಗಳು ಇಲ್ಲಿ ಅದೇ ರೀತಿ ಸುತ್ತಿ ಸುತ್ತಿ ನಡುವಿನೆಡೆಗೆ ಸೇರುತ್ತವೆ.

ಕ್ರಮ ಹೀಗಿದೆ. ಗಟ್ಟಿ ಕಾಗದದಲ್ಲಿ ಮರ, ಗಂಟೆ, ನಕ್ಷತ್ರ ಮುಂತಾದ ಆಕಾರದ ಕಿಂಡಿಯೊಂದನ್ನು ಕತ್ತರಿಸಬೇಕು. ಅಂಕಿ ಹಾಕಿದ ಗೆರೆಗಳ ನಕ್ಷೆಯನ್ನು ಮೇಜಿಗೆ ಅಂಟಿಸಿ, ಅದರ ಮೇಲೆ ಪತ್ರವನ್ನು ಮುಖ ಕೆಳಗಾಗಿ ಇಡಬೇಕು. ಸುಮಾರು 2 ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು ಉದ್ದಕ್ಕೆ ಮಡಿಸಿ, ಮಡಿಕೆಯ ಅಂಚು ಕಿಂಡಿಯ ನಡುವಿನ ಕಡೆಗೆ ಇರುವಂತೆ, ಅಂಕಿಯ ಅನುಕ್ರಮದಲ್ಲಿ ಒಂದೊಂದಾಗಿ ಅಂಟಿಸುತ್ತ ಹೋಗಬೇಕು. ಸುತ್ತಿನಿಂದ ಸುತ್ತಿಗೆ ಗೆರೆ ಕೊಂಚ ಓರೆಯಾಗುವುದರಿಂದ ಬಣ್ಣಗಳು ಸುಳಿಯಂತೆ ಒಳಸರಿಯುತ್ತವೆ. ಕಡೆಯಲ್ಲಿ ಉಳಿಯುವ ಪುಟ್ಟ ಕಂಡಿಗೆ ಹೊಳೆಯುವ ಕಾಗದದ ಒಂದು ತುಂಡು ಸಾಕು. ಈ ಹೊತ್ತೆಲ್ಲ ಮಾಡುವವರ ಕಣ್ಣಿಗೆ ಬೀಳುವುದು ಪತ್ರದ ಬೆನ್ನು ಮಾತ್ರ. ಮಗುಚಿ ನೋಡುವ ತನಕ ಮುಖದ ಚೆಲುವು ತಿಳಿಯದು. ಒಂದು ಪಟ್ಟಿ ಸರದಿ ತಪ್ಪಿದರೂ ಸುಳಿ ಕೆಡುವುದರಿಂದ ಅವಸರ ಇಲ್ಲಿ ಸಲ್ಲದು.

ಇದಕ್ಕೆ ಬೇಕಾದ ಸಾಮಗ್ರಿಯೂ ವಿಶೇಷವಾದುದು. ಬ್ಯಾಂಕುಗಳಿಂದ, ಕಚೇರಿಗಳಿಂದ ಬರುವ ಕೆಲವು ಲಕೋಟೆಗಳ ಒಳಮೈಯಲ್ಲಿ ನವುರಾದ ಚಿತ್ತಾರ ಅಚ್ಚಾಗಿರುತ್ತದೆ. ಒಳಗಿನ ಬರಹ ಅನ್ಯರಿಗೆ ಕಾಣದಿರಲೆಂದು ಹೂಡಿದ ಉಪಾಯವದು. ಮರೆಮಾಡಲು ಹುಟ್ಟಿದ ಆ ಚಿತ್ತಾರವೇ ಈ ಪತ್ರಗಳಲ್ಲಿ ಅಲಂಕಾರವಾಗುತ್ತದೆ. ಇದರ ಸೋದರ ಕಲೆಯೊಂದನ್ನು 1990ರ ದಶಕದಲ್ಲಿ ಹಾಲೆಂಡಿನ ಟೀನಿ ಫಾನ್ ಡೆರ್ ಪ್ಲಾಸ್ ಎಂಬಾಕೆ ಬಳಕೆಗೆ ತಂದರು. ಚಹದ ಪೊಟ್ಟಣದ ಚಿತ್ರಿತ ಹೊದಿಕೆಯಿಂದ ಸಮನಾದ ಚೌಕಗಳನ್ನು ಕತ್ತರಿಸಿ, ಒಂದೇ ಬಗೆಯಾಗಿ ಮಡಿಸಿ, ಸಾಮಾನ್ಯವಾಗಿ ಎಂಟನ್ನು ಒಂದರೊಳಗೊಂದು ಸಿಕ್ಕಿಸಿದರೆ ದಳಗಳುಳ್ಳ ಹೂವೊಂದು ಮೂಡುತ್ತದೆ.

ಒಂದು ಪತ್ರಕ್ಕೆ ಒಂದು ಸಂಜೆಯನ್ನು ವ್ಯಯಿಸುವುದುಂಟೆ, ಅಂಗಡಿಯಲ್ಲಿ ಇದಕ್ಕಿಂತ ಅಂದವಾದುದು ದೊರೆಯದೆ ಎಂದು ಯಾರಾದರೂ ಕೇಳಿಯಾರು. ದೊರೆಯುತ್ತದೆ, ಸಂದೇಹವಿಲ್ಲ. ಆದರೆ ಪಟ್ಟಿ ಮಡಿಸುವಷ್ಟು ಹೊತ್ತೂ, ಅದು ಯಾರಿಗೆ ಸೇರಬೇಕೋ ಅವರ ನೆನಪು ಮನಸ್ಸಿನಲ್ಲಿ ಸುಳಿಯುತ್ತಿರುತ್ತದೆ. ಕೊಂಡ ಪತ್ರದಲ್ಲಿ ಆ ಹೊತ್ತು ಇರಲಾರದು. ಹೆನ್ರಿ ಕೋಲನು ಉಳಿಸಿಕೊಂಡ ಸಮಯವನ್ನೇ ಇಲ್ಲಿ ಮಿತ್ರರಿಗೆ ಮರಳಿ ಕೊಡುತ್ತೇವೆ.

ಆದುದರಿಂದ ಇಂಥ ಪತ್ರಗಳನ್ನು ಐವತ್ತು ಮಾಡಹೊರಟರೆ ಅರ್ಥವಿಲ್ಲ. ಎರಡೋ ಮೂರೋ ಸಾಕು. ಕ್ರಿಸ್ಮಸ್ಸಿಗೇ ಮಾಡಬೇಕೆಂಬ ನಿಯಮವೂ ಇಲ್ಲ. ಕಿಂಡಿಯನ್ನು ಹಣತೆಯ ಆಕಾರಕ್ಕೆ ಕತ್ತರಿಸಿದರೆ ದೀಪಾವಳಿಗೂ ಒಪ್ಪುತ್ತದೆ. ಮುಂದಿನ ಸಲ ಲಕೋಟೆಯೊಂದನ್ನು ಹರಿದು ಬುಟ್ಟಿಗೆ ಎಸೆಯುವ ಮುನ್ನ ವಾಚಕರು ಅದರ ಒಳಮೈಯನ್ನೊಮ್ಮೆ ನೋಡಲಿ. ಬಹುದಿನಗಳಿಂದ ಕಾಗದ ಬರೆಯದೆ ಉಳಿದ ಹಳೆಯ ಸ್ನೇಹಿತರೊಬ್ಬರಿಗೆ ಅದು ತಕ್ಕುದಾದೀತು.