ಹಡಗಿನ ಟಿಕೆಟಿಗೆ ಮೊದಲು ಬರೆದುಕೊಳ್ಳಬೇಕಾದ ಎರಡು ಖರ್ಚು

ಮೈಸೂರಿನ ಕಾರಂಜಿ ಕೆರೆಯ ಬೆಳಗಿನ ವಾಕಿಂಗ್‌ನಲ್ಲಿ ಈಚೆಗೆ ಊಟಿ, ಮುನ್ನಾರ್ ಮಾತು ಕಡಿಮೆಯಾಗಿದೆ. ನಿವೃತ್ತಿಯ ಹಣ ಕೈಗೆ ಬಂದವರು, ಮಗ-ಸೊಸೆ ಬೆಂಗಳೂರಿನಲ್ಲಿರುವವರು, ಮೊಮ್ಮಕ್ಕಳ ಪರೀಕ್ಷೆ ಮುಗಿಯುವುದನ್ನೇ ಕಾಯುತ್ತಿರುವವರು ಕ್ರೂಸ್ ವಿಚಾರಿಸುತ್ತಿದ್ದಾರೆ. ಮುಂಬೈಯಿಂದ ಗೋವಾ, ಲಕ್ಷದ್ವೀಪ, ಚೆನ್ನೈಯಿಂದ ಶ್ರೀಲಂಕಾ, ಇನ್ನೂ ಸ್ವಲ್ಪ ಧೈರ್ಯ ಮಾಡಿದವರಿಗೆ ಸಿಂಗಪುರದಿಂದ ಮಲೇಷ್ಯಾ, ಥಾಯ್ಲೆಂಡ್. ಸಮುದ್ರವನ್ನು ದಡದಿಂದಷ್ಟೇ ನೋಡಿದ ನಮ್ಮ ನಜರ್‌ಬಾದಿನವರಿಗೆ ಇಂಥದೊಂದು ಆಸೆ ಹುಟ್ಟಿದ್ದು ಸಂತೋಷದ ವಿಷಯ. ಆದರೆ ಲೆಕ್ಕ ಹಾಕಲು ಕೂತಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಎರಡೇ ಖರ್ಚಿಗೆ. ಹಡಗು ಹತ್ತುವ ಹಿಂದಿನ ರಾತ್ರಿಯ ಲಾಡ್ಜು ಒಂದು, ಹಡಗಿನ ಕೆಲಸಗಾರರ ಟಿಪ್ಸ್ ಇನ್ನೊಂದು. ನನ್ನ ಪ್ರಕಾರ ಉಳಿದ ಯಾವುದನ್ನು ಬೇಕಾದರೂ ಕಡಿಮೆ ಮಾಡಿ, ಇವೆರಡನ್ನು ಮುಟ್ಟಬೇಡಿ.

ಬಾಲ್ಕನಿ ಇರುವ ಕೋಣೆ ಬಿಟ್ಟು ಕಿಟಕಿ ಇಲ್ಲದ ಒಳಕೋಣೆ ಹಿಡಿದರೆ ಒಳ್ಳೆಯ ಮೊತ್ತವೇ ಉಳಿಯುತ್ತದೆ. ಕೋಣೆಯೊಳಗೆ ಇರುವುದು ನಿದ್ದೆಗೆ, ಸ್ನಾನಕ್ಕೆ ಅಷ್ಟೆ. ಡೆಕ್ಕಿಗೆ ಬಂದರೆ ಸಮುದ್ರ ಎಲ್ಲರಿಗೂ ಒಂದೇ. ತಲೆಸುತ್ತು ಬರುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಕೇಳಬೇಕು. ಅಲ್ಲಿ ತೊನೆದಾಟ ಕಡಿಮೆ, ದರವೂ ಹೆಚ್ಚಿರುವುದಿಲ್ಲ. ಹಣ ಉಳಿಸುವ ಜಾಗ ಇದು.

ಹಿಂದಿನ ರಾತ್ರಿಯ ವಿಷಯಕ್ಕೆ ಬರೋಣ. ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಮುಂಬೈಗೂ ಇಲ್ಲ, ಸಿಂಗಪುರಕ್ಕೂ ಇಲ್ಲ ನೇರ ವಿಮಾನ. ನಾವು ಬೆಂಗಳೂರಿಗೇ ಹೋಗಬೇಕು. ಸಬರ್ಬನ್ ಬಸ್ ನಿಲ್ದಾಣದಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಸುಮಾರು 180 ಕಿ.ಮೀ. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕೆಂಗೇರಿವರೆಗೆ ಗಾಡಿ ಸರಾಗ ಓಡುತ್ತದೆ, ಅದು ನಿಜ. ಕೆಂಗೇರಿ ದಾಟಿದ ಮೇಲೆ ಇಡೀ ಬೆಂಗಳೂರನ್ನು ಅಡ್ಡಲಾಗಿ ಹಾಯಬೇಕಲ್ಲ, ಅಲ್ಲಿ ಯಾವ ಹೊತ್ತಿಗೆ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂದು ಹೇಳುವವರು ಯಾರೂ ಇಲ್ಲ. ಅದಾದ ಮೇಲೆ ವಿಮಾನ, ಅದು ತಡವಾಗದಿದ್ದರೆ ಮುಂಬೈ, ಅಲ್ಲಿಂದ ಟ್ಯಾಕ್ಸಿ. ಒಂದೇ ದಿನದಲ್ಲಿ ಇದೆಲ್ಲ ಮುಗಿಸಿ ಮಧ್ಯಾಹ್ನ ಹಡಗಿನ ಕೌಂಟರಿನ ಮುಂದೆ ನಿಲ್ಲುತ್ತೇವೆ ಎಂದು ಯೋಜನೆ ಹಾಕುವುದು ಇಡೀ ರಜೆಯನ್ನೇ ಪಣಕ್ಕಿಟ್ಟಂತೆ. ಹಡಗು ಸಂಜೆ ಹೊರಡುವುದಾದರೂ ಹತ್ತಿಸಿಕೊಳ್ಳುವುದನ್ನು ಅದಕ್ಕೆ ಬಹಳ ಮೊದಲೇ ನಿಲ್ಲಿಸುತ್ತಾರೆ, ಪ್ರಯಾಣಿಕರ ಪಟ್ಟಿ ಬಂದರಿನ ಅಧಿಕಾರಿಗಳಿಗೆ ಹೋಗಬೇಕು. ರೈಲು ತಪ್ಪಿದರೆ ಮುಂದಿನ ರೈಲು ಉಂಟು. ಹಡಗು ತಪ್ಪಿದರೆ ಟಿಕೆಟಿನ ದುಡ್ಡು ಸಾಮಾನ್ಯವಾಗಿ ಹೋದಂತೆಯೇ.

ಕಾಯುತ್ತಾರೆ ಎಂದುಕೊಂಡವರಿಗೆ ಒಂದು ನಡೆದ ಸಂಗತಿ ಹೇಳಬೇಕು. 2024ರ ಮಾರ್ಚ್ ಕೊನೆಯಲ್ಲಿ ನಾರ್ವೇಜಿಯನ್ ಡಾನ್ ಎಂಬ ಹಡಗು ಆಫ್ರಿಕಾದ ಸಾವೊ ಟೊಮೆ ದ್ವೀಪದಲ್ಲಿ ನಿಂತಿತ್ತು. ಎಂಟು ಪ್ರಯಾಣಿಕರು ಸ್ವಂತ ಏರ್ಪಾಟಿನಲ್ಲಿ ದ್ವೀಪ ಸುತ್ತಲು ಹೋದವರು ಹೇಳಿದ ಹೊತ್ತಿಗೆ ಮರಳಲಿಲ್ಲ. ಅವರ ಕಣ್ಣೆದುರೇ ಲಂಗರು ಹಾಕಿದ್ದ ಹಡಗು ಹತ್ತಿಸಿಕೊಳ್ಳದೆ ಹೊರಟಿತು. ಹಲವು ದೇಶ ದಾಟಿ ಅಟ್ಟಿಸಿಕೊಂಡು ಹೋದರೂ ಗ್ಯಾಂಬಿಯಾದಲ್ಲಿ ಉಬ್ಬರವಿಳಿತದ ಕಾರಣಕ್ಕೆ ಹಡಗು ದಡಕ್ಕೇ ಬರಲಿಲ್ಲ. ಕೊನೆಗೆ ಸೆನೆಗಲ್ ದೇಶದ ಡಾಕರ್‌ನಲ್ಲಿ ಅದು ಸಿಕ್ಕಿತು. ಒಳಗಿದ್ದು ಇಳಿದವರಿಗೇ ಹೀಗಾದರೆ ಇನ್ನೂ ಹತ್ತದವರಿಗೆ ಕಾಯುವ ಮಾತೆಲ್ಲಿ?

ಆದ್ದರಿಂದ ಹಿಂದಿನ ದಿನವೇ ಹಡಗು ಹತ್ತುವ ಊರು ಸೇರಿ. ಅದನ್ನು ದಂಡ ಎಂದುಕೊಳ್ಳದೆ ಪ್ರವಾಸದ ಮೊದಲ ದಿನ ಎಂದುಕೊಂಡರೆ ಅದೇ ಒಂದು ಸುಖ. ಮುಂಬೈಯಲ್ಲಿ ಹಡಗು ಹತ್ತುವುದು ಬಲ್ಲಾರ್ಡ್ ಪಿಯರ್‌ನಲ್ಲಿ, ಸಿಎಸ್‌ಎಂಟಿ ನಿಲ್ದಾಣದಿಂದ ಟ್ಯಾಕ್ಸಿಗೆ ಹತ್ತಿರ. ಫೋರ್ಟ್, ಕೊಲಾಬಾ ಕಡೆ ಕೋಣೆ ದುಬಾರಿ ಎನಿಸಿದರೆ ಮಾಟುಂಗಾ ಕಡೆ ನೋಡಿ. ಅಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಸ್ಟೇಷನ್ ಎದುರಿಗೇ 1942ರಲ್ಲಿ ಶುರುವಾದ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, ಬಾಳೆ ಎಲೆಯಲ್ಲಿ ಊಟ ಬಡಿಸುತ್ತಾರೆ. ವಯಸ್ಸಾದ ತಂದೆತಾಯಿಯನ್ನು ಕರೆದೊಯ್ಯುವವರಿಗೆ ಹಡಗಿನ ಹೊಸ ಊಟಕ್ಕೆ ಹೊಂದಿಕೊಳ್ಳುವ ಮೊದಲು ಅನ್ನ-ಸಾರಿನ ಒಂದು ಊಟ ಹೊಟ್ಟೆಗೆ ಧೈರ್ಯ ಕೊಡುತ್ತದೆ. ಮಾರನೆಯ ದಿನ ಲೋಕಲ್ ರೈಲಿನ ನೂಕುನುಗ್ಗಲು ಬೇಡ, ಸಾಮಾನಿನ ಜೊತೆ ಟ್ಯಾಕ್ಸಿಯೇ ಸರಿ.

ಚೆನ್ನೈಯಿಂದ ಹೊರಡುವವರಿಗೆ ಕಾವೇರಿ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಮುಟ್ಟಿಸುತ್ತದೆ, ಅದೇ ದಿನ ಹಡಗು ಹತ್ತಬಹುದು ಎಂಬ ಆಸೆ ಹುಟ್ಟುತ್ತದೆ. ನಾನಾದರೆ ಒಂದು ದಿನ ಮೊದಲು ವಂದೇ ಭಾರತ್ ಹಿಡಿದು ಹೋಗಿ ರಾತ್ರಿ ಅಲ್ಲೇ ಮಲಗುತ್ತೇನೆ. ಕೊಚ್ಚಿಯಾದರೆ 2021ರಲ್ಲಿ ತೆರೆದ ಸಾಗರಿಕಾ ಟರ್ಮಿನಲ್ ವಿಲಿಂಗ್ಡನ್ ದ್ವೀಪದಲ್ಲಿದೆ, ಎರ್ನಾಕುಲಂನಲ್ಲಿ ಉಳಿದರೆ ಹತ್ತಿರ. ಸಿಂಗಪುರಕ್ಕೆ ಹೋಗುವವರು ವೀಸಾ ಮಲ್ಟಿಪಲ್ ಎಂಟ್ರಿ ಇದೆಯೇ ಎಂದು ಎರಡು ಬಾರಿ ನೋಡಬೇಕು. ಹಡಗು ಹೊರದೇಶಕ್ಕೆ ಹೋಗಿ ಅದೇ ಬಂದರಿಗೆ ಮರಳಿದಾಗ ನೀವು ಎರಡನೇ ಸಲ ಒಳಗೆ ಬಂದಂತಾಗುತ್ತದೆ. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರಲಿ. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಅಲೆಯುವ ಕಾಲವೂ ಹೋಯಿತು. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು 2017ರ ಜನವರಿ 25ರಂದು ಆರಂಭವಾದದ್ದು ಗುಜರಾತಿನ ದಾಹೋದ್‌ನಲ್ಲಿ ಮತ್ತು ನಮ್ಮ ಮೈಸೂರಿನಲ್ಲಿ.

ಇನ್ನು ಟಿಪ್ಸ್. ನಜರ್‌ಬಾದ್ ಮುಖ್ಯರಸ್ತೆಯ ಮೈಲಾರಿಯಲ್ಲಿ ಬೆಣ್ಣೆ ದೋಸೆ ತಿಂದು ಎದ್ದಾಗ ಬಡಿಸಿದವನ ಕೈಗೆ ಹತ್ತು ರೂಪಾಯಿ ಕೊಡುವುದು ನಮ್ಮ ಖುಷಿ. ಕೊಡದಿದ್ದರೂ ಯಾರೂ ಕೇಳುವುದಿಲ್ಲ. ಹಡಗಿನ ವ್ಯವಸ್ಥೆಯೇ ಬೇರೆ. ಅಲ್ಲಿ ತಲೆಗೆ, ದಿನಕ್ಕೆ ಇಷ್ಟು ಎಂದು ಗ್ರಾಚ್ಯುಟಿ ನಿಗದಿಯಾಗಿರುತ್ತದೆ, ನಿಮ್ಮ ಕೋಣೆಯ ಲೆಕ್ಕಕ್ಕೆ ತಾನಾಗಿ ಸೇರುತ್ತದೆ. ರಾಯಲ್ ಕೆರಿಬಿಯನ್ ಕಂಪನಿ ಇದನ್ನು ಸಾಮಾನ್ಯ ಕೋಣೆಗೆ ದಿನಕ್ಕೆ 18.50 ಡಾಲರ್, ಸೂಟ್‌ಗೆ 21 ಡಾಲರ್ ಎಂದು ಏರಿಸಿತು. ಮಕ್ಕಳಿಗೂ ಇದೇ ಲೆಕ್ಕ. ಆ ದರದಲ್ಲಿ ನಾಲ್ಕು ಜನರ ಸಂಸಾರ ನಾಲ್ಕು ರಾತ್ರಿ ಕಳೆದರೆ 296 ಡಾಲರ್. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ 25 ಸಾವಿರ ದಾಟಿತು. ಇದರ ಮೇಲೆ ಪಾನೀಯ, ಸ್ಪಾ ಇತ್ಯಾದಿಗೆ ಬಿಲ್ಲಿನ ಶೇ. 18ರಷ್ಟು ಬೇರೆ. ಮೊದಲೇ ಗೊತ್ತಿಲ್ಲದವರಿಗೆ ಕೊನೆಯ ಬೆಳಿಗ್ಗೆ ಬಾಗಿಲಡಿ ಬಂದ ಬಿಲ್ ನೋಡಿ ಎದೆ ಧಸಕ್ಕೆನ್ನುವುದು ಸಹಜ. ಆಗಲೇ ಕೆಲವರು ಕೌಂಟರಿಗೆ ಹೋಗಿ ಇದನ್ನು ತೆಗೆಸಿಬಿಡುವುದು. ಹಲವು ಕಂಪನಿಗಳಲ್ಲಿ ಹಾಗೆ ತೆಗೆಸಲು ಅವಕಾಶವೂ ಇದೆ.

ತೆಗೆಸಬಾರದು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಈ ಹಣ ಹೋಗುವುದು ಊಟದ ಹಾಲಿನವರಿಗೆ, ಕೋಣೆ ನೋಡಿಕೊಳ್ಳುವವರಿಗೆ, ನಮ್ಮ ಕಣ್ಣಿಗೇ ಬೀಳದ ಹೋಟೆಲ್ ವಿಭಾಗದ ಇತರರಿಗೆ. ಅದು ಅವರ ಸಂಪಾದನೆಯ ಭಾಗ. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಈ ದುಡ್ಡು ಬರುತ್ತದೆ. ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹಡಗಿಗೆ ಸೇರಿದ ಬಂಟ್ವಾಳದ ಕಡೆಯ ಹುಡುಗನೊಬ್ಬ ರಜೆಯಲ್ಲಿ ಮೈಸೂರಿಗೆ ಬಂದಿದ್ದಾಗ ತನ್ನ ದಿನಚರಿ ಹೇಳಿದ್ದ. ಪ್ರಯಾಣಿಕರು ತಿಂಡಿಗೆ ಹೋದ ಹೊತ್ತಿನಲ್ಲಿ ಹಾಸಿಗೆ, ಬಚ್ಚಲು, ಕಸ. ಅವರು ರಾತ್ರಿ ಊಟಕ್ಕೆ ಹೋದಾಗ ಮತ್ತೆ ಅದೇ ಕೋಣೆಗಳಿಗೆ ಎರಡನೇ ಸುತ್ತು, ಟವೆಲ್ ಮಡಿಸಿ ಆನೆಯನ್ನೋ ಕೋತಿಯನ್ನೋ ಮಾಡಿ ಮಂಚದ ಮೇಲೆ ಕೂರಿಸಬೇಕು. ಆನೆ ಮಾಡಲು ದೊಡ್ಡ ಟವೆಲ್ ಒಂದು, ಚಿಕ್ಕದು ಒಂದು ಬೇಕು, ಸೊಂಡಿಲು ನಿಲ್ಲುವಂತೆ ಬಿಗಿಯಾಗಿ ಸುತ್ತಬೇಕು ಎಂದು ನಮ್ಮ ಮನೆಯ ಟವೆಲಿನಲ್ಲೇ ಮಾಡಿ ತೋರಿಸಿದ. "ಮಕ್ಕಳು ಅದನ್ನು ನೋಡಿ ಕುಣಿದಾಡ್ತಾರೆ ಮಾರಾಯ್ರೆ. ಫೋಟೊ ತೆಗೆದು ಥ್ಯಾಂಕ್ಸ್ ಹೇಳಿದ ಮನೆಯವರೇ ಕೊನೆ ದಿನ ಟಿಪ್ಸ್ ತೆಗೆಸಿದ್ದು ಗೊತ್ತಾದಾಗ ತುಂಬ ಬೇಜಾರಾಗ್ತದೆ" ಎಂದ.

ಅವರು ದುಡಿಯುವ ಹೊತ್ತು ಕೇಳಿದರೆ ಇನ್ನೂ ಬೇಜಾರಾದೀತು. 2013ರ ಆಗಸ್ಟಿನಲ್ಲಿ ಜಾರಿಗೆ ಬಂದ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವೂ 2015ರಲ್ಲಿ ಸೇರಿತು. ಆ ಒಪ್ಪಂದದಲ್ಲೇ ಕೆಲಸದ ಗರಿಷ್ಠ ಮಿತಿ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ. ಅದೂ ತಿಂಗಳುಗಟ್ಟಲೆ ಮನೆ ಬಿಟ್ಟು. ಬ್ರಿಟನ್ನಿನ ಪಿ ಅಂಡ್ ಒ ಕ್ರೂಸಸ್ 2019ರಲ್ಲಿ ಟಿಪ್ಸ್‌ನ ಈ ಪ್ರತ್ಯೇಕ ವಸೂಲಿಯನ್ನು ನಿಲ್ಲಿಸಿ ಟಿಕೆಟ್ ದರದಲ್ಲೇ ಸೇರಿಸಿತು. ಎಲ್ಲ ಕಂಪನಿಗಳೂ ಹಾಗೆ ಮಾಡಬೇಕು, ಕೆಲಸಗಾರನ ಸಂಬಳ ಪ್ರಯಾಣಿಕನ ಮರ್ಜಿಯ ಮೇಲೆ ನಿಲ್ಲಬಾರದು. ಅದು ಆಗುವವರೆಗೆ ನಾವೇ ಅದನ್ನು ಟಿಕೆಟಿನ ಭಾಗ ಎಂದು ಬರೆದುಕೊಳ್ಳೋಣ. ಬುಕಿಂಗ್ ಮಾಡುವಾಗಲೇ ಕಟ್ಟಿಬಿಡುವ ಸೌಕರ್ಯ ಬಹಳ ಕಡೆ ಇದೆ, ಹಾಗೆ ಕಟ್ಟಿದರೆ ಕೊನೆಯ ದಿನ ಮನಸ್ಸು ತೂಗಾಡುವುದಿಲ್ಲ. ವಿಶೇಷವಾಗಿ ನೋಡಿಕೊಂಡವರಿಗೆ ಕವರಿನಲ್ಲಿ ಕೈಯಾರೆ ಕೊಡುವುದು ಅದರ ಮೇಲಿನ ಮಾತು.

ನಮ್ಮದೇ ದೇಶದ ಕಾರ್ಡೇಲಿಯಾ 2021ರ ಸೆಪ್ಟೆಂಬರಿನಲ್ಲಿ ಐಆರ್‌ಸಿಟಿಸಿ ಸಹಯೋಗದೊಂದಿಗೆ ಓಡಾಟ ಶುರು ಮಾಡಿತು. ಅದರ ಎಂಪ್ರೆಸ್ ಹಡಗು 1990ರಲ್ಲಿ ಕಟ್ಟಿದ್ದು. ಅಲ್ಲಿ ರೂಪಾಯಿ ಲೆಕ್ಕ ಇರುವುದರಿಂದ ಗೊಂದಲ ಕಡಿಮೆ. ಆದರೂ ಯಾವ ಹಡಗಾದರೂ ಸರಿ, ಏಜೆಂಟರ ಮುಂದೆ ಕೂತಾಗ ಕೇಳಬೇಕಾದದ್ದು ಒಂದೇ: ಬಂದರು ಶುಲ್ಕ, ಸೇವಾ ಶುಲ್ಕ, ಗ್ರಾಚ್ಯುಟಿ, ಜಿಎಸ್‌ಟಿ, ವಿದೇಶವಾದರೆ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ), ಎಲ್ಲ ಸೇರಿ ಕೊನೆಯ ಮೊತ್ತ ಎಷ್ಟು, ಬರೆದು ಕೊಡಿ. ಜಾಹೀರಾತಿನ ದೊಡ್ಡಕ್ಷರದ ದರ ಸಾಮಾನ್ಯವಾಗಿ ಒಬ್ಬರಿಗೆ, ಅದೂ ಕೋಣೆಯಲ್ಲಿ ಇಬ್ಬರಿದ್ದರೆ. ಒಬ್ಬಂಟಿಯಾಗಿ ಹೋಗುವವರಿಗೆ ಬಹುಪಾಲು ಇಬ್ಬರ ದರವೇ ಬೀಳುತ್ತದೆ. ಮೊದಲು ಕಡಿಮೆ ತೋರಿಸಿ ಹಣ ಕಟ್ಟುವ ಹೊತ್ತಿಗೆ ಒಂದೊಂದೇ ಸೇರಿಸುವ ಡ್ರಿಪ್ ಪ್ರೈಸಿಂಗ್ ಎಂಬ ಪದ್ಧತಿಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಆನ್‌ಲೈನ್ ಬುಕಿಂಗ್‌ನಲ್ಲಿ ಹಾಗೆ ಆದರೆ ಸ್ಕ್ರೀನಿನ ಚಿತ್ರ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಿ. ಟಿಸಿಎಸ್ ಮಾತ್ರ ಕಳೆದುಹೋದ ದುಡ್ಡಲ್ಲ, ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು.

ಗಂಟುಮೂಟೆಯ ಬಗ್ಗೆ ಎರಡು ಮಾತು ಸಾಕು. ದೊಡ್ಡ ಸೂಟ್‌ಕೇಸು ಬಂದರಿನಲ್ಲೇ ಅವರ ಕೈ ಸೇರುತ್ತದೆ, ಕೋಣೆಗೆ ಬರುವುದು ಗಂಟೆಗಳ ಮೇಲೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಕಾಫಿಗೆಂದು ಕರೆಂಟಿನ ಕೆಟಲ್, ಇಸ್ತ್ರಿ ಪೆಟ್ಟಿಗೆ ಒಯ್ಯಬೇಡಿ, ಬೆಂಕಿಯ ಭಯದಿಂದ ತೆಗೆದಿಟ್ಟುಕೊಳ್ಳುತ್ತಾರೆ.

ಇಷ್ಟೆಲ್ಲ ಬರೆಯುವಾಗ ಮನಸ್ಸಿಗೆ ಚುಚ್ಚುವುದು ಬೇರೆಯೇ. ಸುಮಾರು 320 ಕಿ.ಮೀ. ಕರಾವಳಿ ಇರುವ ರಾಜ್ಯದವರು ನಾವು. 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ವಿಹಾರ ನೌಕೆಗಳು ಬರುತ್ತವೆ. ಬಂದವರು ಕದ್ರಿ, ಕುದ್ರೋಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆ ಹಡಗೇರಿ ಹೋಗುತ್ತಾರೆ. ಆ ಬಂದರಿರುವ ಪಣಂಬೂರಿನಿಂದ ಪ್ರವಾಸ ಹೊರಡುವ ಹಡಗು ನಿಯಮಿತವಾಗಿ ಇದ್ದಿದ್ದರೆ ನಜರ್‌ಬಾದಿನವರು ಬೆಳಿಗ್ಗೆ ಬಸ್ಸು ಹತ್ತಿ, ಮಡಿಕೇರಿ, ಸಂಪಾಜೆ ಇಳಿದು, ರಾತ್ರಿ ಮಂಗಳೂರಿನಲ್ಲಿ ನೀರುದೋಸೆ ತಿಂದು ಮಲಗಿ ಮಾರನೆಯ ದಿನ ಹಡಗು ಹತ್ತುತ್ತಿದ್ದರು. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು ಮುಂಬೈಯಲ್ಲಿ ಕ್ರೂಸ್ ಭಾರತ್ ಮಿಷನ್ ಆರಂಭಿಸಿದೆ. ಐದು ವರ್ಷದಲ್ಲಿ ವಿಹಾರ ನೌಕೆಯ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿ ಮಾಡುವ ಗುರಿ ಅದರದು, ಅವಧಿ ಮುಗಿಯುವುದು 2029ರ ಮಾರ್ಚಿಗೆ. ಮಂಗಳೂರನ್ನು ಬಂದುಹೋಗುವ ಬಂದರಾಗಿ ಮಾತ್ರ ಬಿಡದೆ ಪ್ರವಾಸ ಹೊರಡುವ ಬಂದರಾಗಿಯೂ ಮಾಡಿ ಎಂದು ಮೈಸೂರು-ಕೊಡಗು ಮತ್ತು ದಕ್ಷಿಣ ಕನ್ನಡದ ಸಂಸದರು ಒಟ್ಟಾಗಿ ಬಂದರು ಸಚಿವಾಲಯದ ಮುಂದೆ ಕೂರಬೇಕು. ಅವರಿಗೆ ಪತ್ರ ಬರೆಯುವ ಕೆಲಸ ನಮ್ಮದು. ಬಡಾವಣೆಯ ನಾಗರಿಕ ವೇದಿಕೆಗಳು, ಹಿರಿಯ ನಾಗರಿಕರ ಸಂಘಗಳು ಈ ವಾರವೇ ಶುರು ಮಾಡಬಹುದು.